ಎಚ್‌ಎಂಟಿಗೆ ಕೀ ಕೊಡುವವರೇ ಇರಲಿಲ್ಲ!

ಗಡಿಯಾರ ನಿಂತರೆ ರಿಪೇರಿಯವನ ಹತ್ತಿರ ಒಯ್ಯಬಹುದು. ಗಡಿಯಾರ ಮಾಡುವ ಕಾರ್ಖಾನೆಯೇ ನಿಂತುಹೋದರೆ ಯಾರ ಹತ್ತಿರ ಒಯ್ಯೋದು? ತುಮಕೂರಿನ ಜನ ಈ ಪ್ರಶ್ನೆಯನ್ನು ಕೇಳಿ ಕೇಳಿ ಸುಸ್ತಾಗಿ ಕೊನೆಗೆ ಸುಮ್ಮನಾದರು. 2016ರ ಜನವರಿಯಲ್ಲಿ ದೆಹಲಿ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿಗೆ ಬೀಗ ಜಡಿಯಲು ಒಪ್ಪಿಗೆ ಕೊಟ್ಟಿತು. ನಮ್ಮೂರಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋ ಪಾಲಾಯಿತು. ಸೆಕೆಂಡಿನ ಮುಳ್ಳು ಕೂರಿಸುತ್ತಿದ್ದ ಜಾಗ ರಾಕೆಟ್‌ನವರ ಕೈ ಸೇರಿತು ಅನ್ನೋದು ಒಂದು ಲೆಕ್ಕದಲ್ಲಿ ಮರ್ಯಾದೆಯ ಮಾತೇ. ರಿಯಲ್ ಎಸ್ಟೇಟಿನವರ ಬಾಯಿಗೆ ಬೀಳಲಿಲ್ಲವಲ್ಲ, ಅಷ್ಟು ಸಾಕು.

ಮುಗಿದ ಕಥೆ, ಈಗ ಯಾಕೆ ಈ ಪುರಾಣ ಅಂತೀರಾ? ಕಾರಣ ಇದೆ. ನಮ್ಮ ಜಿಲ್ಲೆಯಲ್ಲಿ ಮತ್ತೆ ಕಾರ್ಖಾನೆಗಳ ಕಾಲ ಬಂದಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ನಿಂತಿದೆ. 2023ರ ಫೆಬ್ರವರಿ 6ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿ ಹೋದರು. ವಸಂತನರಸಾಪುರದಲ್ಲಿ ಶೆಡ್ಡುಗಳ ಮೇಲೆ ಶೆಡ್ಡು ಏಳುತ್ತಿವೆ. ಎಚ್‌ಎಂಟಿ ಬಂದಾಗಲೂ ಹೀಗೇ ಹಾರ, ತುರಾಯಿ, ಭಾಷಣ ಎಲ್ಲಾ ಇದ್ದವು. ಆ ಕಂಪನಿ ಯಾಕೆ ಗೆದ್ದಿತು, ಯಾಕೆ ಬಿದ್ದಿತು ಅನ್ನೋದನ್ನ ಊರು ತಿಳಿದುಕೊಂಡಿದ್ದರೆ, ಮುಂದೆ ಯಾರಾದರೂ ಭಾಷಣ ಮಾಡಿದಾಗ ಎದ್ದು ನಿಂತು ಎರಡು ಪ್ರಶ್ನೆ ಕೇಳಬಹುದು.

ಜಪಾನಿನಿಂದ ಜಾಲಹಳ್ಳಿಗೆ

ಹಿಂದುಸ್ತಾನ್ ಮೆಷಿನ್ ಟೂಲ್ಸ್ ಹುಟ್ಟಿದ್ದು 1953ರಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ ಕೈಹಿಡಿದು ನಡೆಸಿತು. ಮೊದಲ ಕೆಲಸ ಲೇತು, ಮಿಲ್ಲಿಂಗ್ ಯಂತ್ರ. ಅಂದರೆ ಯಂತ್ರ ಮಾಡುವ ಯಂತ್ರ. ಹೊಸದಾಗಿ ಸ್ವಾತಂತ್ರ್ಯ ಬಂದ ದೇಶಕ್ಕೆ ಅದು ಬೇಕಾಗಿತ್ತು. ವಾಚು ಬಂದಿದ್ದು ಆಮೇಲೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುವಾಯಿತು. ಮೊದಲ ತಂಡದ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ.

ಇದು ಸಣ್ಣ ಕೆಲಸ ಅಂತ ತಿಳಿಯಬೇಡಿ. ಕೀ ಕೊಡುವ ವಾಚಿನ ಒಳಗೆ ಒಂದು ಸ್ಪ್ರಿಂಗು, ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗು, ಎಡಕ್ಕೂ ಬಲಕ್ಕೂ ತೂಗುವ ಒಂದು ಪುಟ್ಟ ಚಕ್ರ. ಎಚ್‌ಎಂಟಿಯ ಸಾಮಾನ್ಯ ವಾಚಿನಲ್ಲಿ ಆ ಚಕ್ರ ಗಂಟೆಗೆ 18,000 ಸಲ ಹೊಡೆದುಕೊಳ್ಳುತ್ತದೆ. ಸವೆಯದಿರಲಿ ಅಂತ 17 ಕೆಂಪು ಹರಳು. ಎಳ್ಳುಕಾಳಿಗಿಂತ ಸಣ್ಣ ಸ್ಕ್ರೂ. ಇಂಥದ್ದನ್ನು ಕಮ್ಮಾರಸಾಲೆ, ನೇಗಿಲು, ರಾಗಿ ಹೊಲ ಬಿಟ್ಟು ಬಂದ ಮನೆಗಳ ಹುಡುಗ ಹುಡುಗಿಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಜೋಡಿಸಿದರು. ಹೆಣ್ಣುಮಕ್ಕಳು ಮೂಗು ಬಗ್ಗಿಸಿ ಕೂತು ಮಾಡುವ ಈ ಕೆಲಸದಲ್ಲಿ ದೊಡ್ಡ ಸಂಖ್ಯೆಯಲ್ಲಿ ಇದ್ದರು. ಆ ಕಾಲದಲ್ಲಿ ಒಂದು ಮಧ್ಯಮ ವರ್ಗದ ಮನೆಯ ಹುಡುಗಿ ಕಾರ್ಖಾನೆ ಬಸ್ಸು ಹತ್ತಿ ಹೋಗಿ ತಿಂಗಳ ಸಂಬಳ ತರೋದು ಅಂದರೆ ಏನು ಅನ್ನೋದನ್ನ ಆ ಮನೆಗಳವರನ್ನೇ ಕೇಳಬೇಕು.

ಅದಕ್ಕೆ ಮುಂಚೆ ವಾಚು ಅಂದರೆ ವೆಸ್ಟ್ ಎಂಡ್, ಫೇವರ್ ಲೂಬಾ, ಅದೂ ಜಮೀನ್ದಾರರ ಕೈಯಲ್ಲಿ. ಇಲ್ಲವೇ ಕಳ್ಳಸಾಗಣೆಯ ಮಾಲು. ಎಚ್‌ಎಂಟಿ ಬಂದ ಮೇಲೆ ಜನತಾ, ಪೈಲಟ್, ಕೋಹಿನೂರ್, ಸೋನಾ, ಕಾಂಚನ್ ಅಂತ ಸಾಲಾಗಿ ಬಂದವು. ಪ್ರೈಮರಿ ಶಾಲೆ ಮೇಷ್ಟ್ರು, ಬಸ್ ಕಂಡಕ್ಟರು, ಪೋಸ್ಟ್‌ಮ್ಯಾನು ಕೈಗೆ ಕಟ್ಟಿದರು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಜನತಾ. ವರೋಪಚಾರಕ್ಕೆ ಕಾಂಚನ್ ಸಿಗದಿದ್ದರೆ ಬೀಗರ ಮುಖ ಸಣ್ಣದು. ಕುರುಡರು ಮುಟ್ಟಿ ನೋಡುವ ಬ್ರೈಲ್ ವಾಚನ್ನೂ ಮಾಡಿದರು. 1983ರಲ್ಲಿ ಲಾಲ್‌ಬಾಗಿಗೆ ಹೂವಿನ ಗಡಿಯಾರ ಕೊಟ್ಟರು. ‘ಟೈಮ್‌ಕೀಪರ್ಸ್ ಟು ದಿ ನೇಷನ್’ ಅಂತ ಜಾಹೀರಾತು ಹಾಕಿಕೊಂಡರು. ಅದು ಬರೀ ಬಡಾಯಿ ಆಗಿರಲಿಲ್ಲ. ಇಡೀ ದೇಶಕ್ಕೆ ಟೈಮು ಹೇಳಿದ್ದು ಇದೇ ಕಂಪನಿ. ಒಟ್ಟು 10 ಕೋಟಿಗೂ ಮೀರಿ ವಾಚು ಮಾಡಿದ್ದೇವೆ ಅನ್ನೋದು ಕಂಪನಿಯ ಲೆಕ್ಕ.

ಶ್ರೀನಗರದಲ್ಲಿ ಒಂದು ಕಾರ್ಖಾನೆ ಬಂತು, 70ರ ದಶಕದ ಕೊನೆಗೆ ನಮ್ಮ ತುಮಕೂರಿಗೂ ಬಂತು, ಆಮೇಲೆ ಹಿಮಾಲಯದ ತಪ್ಪಲಿನ ರಾಣಿಬಾಗ್‌ಗೂ ಹೋಯಿತು. ಕಾಶ್ಮೀರದ ಘಟಕದ ಕಥೆ ಬೇರೆ: 1990ರ ಏಪ್ರಿಲ್‌ನಲ್ಲಿ ಅಲ್ಲಿನ ಜನರಲ್ ಮ್ಯಾನೇಜರ್ ಎಚ್.ಎಲ್. ಖೇರಾ ಅವರನ್ನು ಉಗ್ರರು ಹೊತ್ತೊಯ್ದು ಕೊಂದರು. ಆ ಸಾವಿಗೆ ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಕಾಲಂ ಇಲ್ಲ.

ಎಲ್ಲಿ ಎಡವಿದ್ದು?

‘ಕ್ವಾರ್ಟ್ಜ್ ಬಂತು, ಎಚ್‌ಎಂಟಿ ಸತ್ತಿತು’ ಅಂತ ಒಂದೇ ಏಟಿಗೆ ಹೇಳಿ ಮುಗಿಸುವವರು ಬಹಳ. ಅದು ಅರ್ಧ ಸತ್ಯ. ಕ್ವಾರ್ಟ್ಜ್ ವಾಚಿನಲ್ಲಿ ಸ್ಪ್ರಿಂಗಿನ ಬದಲು ಬ್ಯಾಟರಿ. ತೂಗುವ ಚಕ್ರದ ಬದಲು ಸೆಕೆಂಡಿಗೆ 32,768 ಸಲ ಕಂಪಿಸುವ ಹರಳು. ದಿನಾ ಕೀ ಕೊಡುವ ಕೆಲಸ ಇಲ್ಲ, ಟೈಮು ತಪ್ಪೋದೂ ಕಮ್ಮಿ. ಜಪಾನಿನ ಸೈಕೋ ಇದನ್ನು 1969ರಲ್ಲೇ ಮಾರಿತು. ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 80ರ ದಶಕದ ಆರಂಭದಲ್ಲೇ ಭಾರತದ ಕ್ವಾರ್ಟ್ಜ್ ವಾಚನ್ನು ಮಾರುಕಟ್ಟೆಗೆ ತಂದಿದ್ದು ಇದೇ ಎಚ್‌ಎಂಟಿ! ತುಮಕೂರಿನ ಕಾರ್ಖಾನೆಯ ಒಂದು ಭಾಗವನ್ನು ಸಿಟಿಜನ್ ಸಹಾಯದಿಂದ ಕ್ವಾರ್ಟ್ಜ್‌ಗೆ ಬದಲಾಯಿಸಿದ್ದೂ ಉಂಟು.

ಆದರೆ ಬುದ್ಧಿ ಒಂದು ಕಡೆ, ದುಡ್ಡು ಇನ್ನೊಂದು ಕಡೆ ಹೋಯಿತು. ಲೋಕವೆಲ್ಲಾ ಬ್ಯಾಟರಿ ವಾಚಿಗೆ ತಿರುಗುತ್ತಿದ್ದ ಅದೇ 80ರ ದಶಕದಲ್ಲಿ ರಾಣಿಬಾಗ್‌ನಲ್ಲಿ ಕೀ ಕೊಡುವ ವಾಚಿಗೆ ಹೊಸ ಕಾರ್ಖಾನೆ ಕಟ್ಟಿದರು. ಯಾಕೆ? ಆಗ ಮಾಡಿದ್ದೆಲ್ಲಾ ಮಾರಾಟ ಆಗ್ತಿತ್ತು. ಗಿರಾಕಿಯೇ ಬಂದು ಕಾಯುತ್ತಿದ್ದ. ನ್ಯಾಯಬೆಲೆ ಅಂಗಡಿಯವನು ಸೀಮೆಎಣ್ಣೆ ಗಿರಾಕಿಯ ಇಷ್ಟಾನಿಷ್ಟ ಕೇಳುತ್ತಾನೆಯೇ? ಹಾಗೇ ಆಯಿತು. ಡಯಲ್ ಹೇಗಿರಬೇಕು, ಹೆಣ್ಣುಮಕ್ಕಳು ಏನು ಇಷ್ಟಪಡ್ತಾರೆ, ಅಂಗಡಿ ಹೇಗಿರಬೇಕು ಅಂತ ಕೇಳುವ ಅಭ್ಯಾಸವೇ ಬೆಳೆಯಲಿಲ್ಲ.

ಕೇಳುವವನು ಪಕ್ಕದ ಹೊಸೂರಿನಲ್ಲಿ ಬಂದು ಕೂತ. ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸೇರಿ 1984ರಲ್ಲಿ ಟೈಟಾನ್ ಕಟ್ಟಿದರು. ಅದರ ಮುಖ್ಯಸ್ಥ ಜೆರ್ಕ್ಸಿಸ್ ದೇಸಾಯಿ. ಮೊದಲ ದಿನದಿಂದಲೇ ಕ್ವಾರ್ಟ್ಜ್ ಮೇಲೆ ಪಣ. ಕನ್ನಡಿ ಬೀರುವಿನ, ದೀಪದ ಬೆಳಕಿನ ಶೋರೂಮು. ವಾಚನ್ನು ಒಡವೆ ಥರ ಮಾರಿದರು. ಇನ್ನೊಂದು ಮಾತು, ಎಚ್‌ಎಂಟಿಯಲ್ಲಿ ಪಳಗಿದ ಹಲವರು ಅಲ್ಲಿಗೆ ಹೋಗಿ ಕೆಲಸ ಕಲಿಸಿದರು. ಮೇಷ್ಟ್ರಿಗೆ ಪಾಠ ಹೇಳುವ ಶಿಷ್ಯ ಹುಟ್ಟಿದ್ದು ಮೇಷ್ಟ್ರ ಮನೆಯಲ್ಲೇ! 1991ರ ನಂತರ ಬಾಗಿಲು ತೆರೆದು ವಿದೇಶಿ ಬ್ರಾಂಡುಗಳೂ ಬಂದಾಗ ಎಚ್‌ಎಂಟಿ ಹಳೇ ಡಯಲ್ ಹಿಡಿದು ನಿಂತಿತ್ತು.

ಕ್ವಾರ್ಟ್ಜ್ ಬಂದರೆ ಸಾಯಲೇಬೇಕು ಅನ್ನೋ ವಿಧಿಲಿಖಿತ ಏನೂ ಇರಲಿಲ್ಲ. ಸ್ವಿಟ್ಜರ್ಲೆಂಡಿನವರಿಗೂ ಇದೇ ಏಟು ಬಿತ್ತು, ಸಾವಿರಾರು ಜನ ಕೆಲಸ ಕಳೆದುಕೊಂಡರು. 1983ರಲ್ಲಿ ಸ್ವಾಚ್ ಅನ್ನೋ ಅಗ್ಗದ ಪ್ಲಾಸ್ಟಿಕ್ ವಾಚು ತಂದು ಎದ್ದು ನಿಂತರು. ಹಳೇ ಕೀ ಕೊಡುವ ವಾಚನ್ನು ಶ್ರೀಮಂತರ ಶೋಕಿಯ ವಸ್ತು ಮಾಡಿ ದುಬಾರಿಗೆ ಮಾರಿದರು. ನಮಗೆ ಪಾಠ ಹೇಳಿದ ಸಿಟಿಜನ್ ಇಂದಿಗೂ ಬದುಕಿದೆ. ಅವರಿಗೆ ತಮ್ಮ ಕಂಪನಿ ಬಗ್ಗೆ ನಿರ್ಧಾರ ತಗೊಳ್ಳೋ ಅಧಿಕಾರ ತಮ್ಮ ಕೈಯಲ್ಲೇ ಇತ್ತು. ಎಚ್‌ಎಂಟಿಗೆ ಒಂದು ಹೊಸ ಯಂತ್ರ ಬೇಕಾದರೂ ಕಡತ ದೆಹಲಿಗೆ ಹೋಗಿ ಬರಬೇಕು. ಮಂತ್ರಿ ಬದಲಾದರೆ ಮತ್ತೆ ಮೊದಲಿಂದ.

ಕೊಲ್ಲಲಿಲ್ಲ, ಬದುಕಿಸಲಿಲ್ಲ

ಸೋಲು ಎಲ್ಲರಿಗೂ ಬರುತ್ತದೆ. ನಮ್ಮ ತಕರಾರು ಇರೋದು ಸೋತ ಮೇಲೆ ನಡೆದುಕೊಂಡ ರೀತಿಯ ಬಗ್ಗೆ. 2000ದ ಆಸುಪಾಸಿನಲ್ಲಿ ವಾಚಿನ ಭಾಗವನ್ನು ಬೇರೆ ಕಂಪನಿ ಮಾಡಿ ಪಕ್ಕಕ್ಕೆ ಇಟ್ಟರು. ಅಲ್ಲಿಂದ 2016ರವರೆಗೆ ಅದು ಐಸಿಯು ಬದುಕು. ಪುನಶ್ಚೇತನ ಅಂದರು, ಸಾಲ ಕೊಟ್ಟರು, ಬಡ್ಡಿ ಸೇರಿಸಿದರು. 2012–13ರ ಒಂದೇ ವರ್ಷ ನಷ್ಟ ಸುಮಾರು 240 ಕೋಟಿ ರೂಪಾಯಿ. ಇಷ್ಟು ವರ್ಷ ಸರ್ಕಾರ ಬದುಕಿಸುವ ಮನಸ್ಸೂ ಮಾಡಲಿಲ್ಲ, ಧೈರ್ಯವಾಗಿ ಮುಚ್ಚಿ ನೌಕರರನ್ನು ಗೌರವದಿಂದ ಕಳಿಸುವ ಕೆಲಸವನ್ನೂ ಮಾಡಲಿಲ್ಲ.

ಕೊನೆಗೆ ಮುಚ್ಚುವಾಗ ಎಚ್‌ಎಂಟಿ ವಾಚ್, ಚಿನಾರ್ ವಾಚ್, ಬೇರಿಂಗ್ಸ್ ಮೂರೂ ಕಂಪನಿಗಳ ನೌಕರರಿಗೆ ಅಂತ 427.48 ಕೋಟಿ ರೂಪಾಯಿ ಮಂಜೂರಾಯಿತು. ಲೆಕ್ಕ ಹಾಕಿದ್ದು 2007ರ ವೇತನಶ್ರೇಣಿ ಮೇಲೆ. ಅದೂ ಕಾಗದದ ಮೇಲಿನ, ‘ನೋಷನಲ್’ ಶ್ರೇಣಿ. ಓದುಗರು ಗಮನಿಸಬೇಕು: 2016ರಲ್ಲಿ ಮನೆಗೆ ಹೋಗುವವನಿಗೆ 2007ರ ಶ್ರೇಣಿಯನ್ನು ಉದಾರತೆ ಅಂತ ತೋರಿಸಿದರು. ಅಂದರೆ ಅಲ್ಲಿಯವರೆಗೆ ಅವನು ಎಷ್ಟು ಹಳೇ ಸಂಬಳದಲ್ಲಿ ಸಂಸಾರ ತೂಗಿಸುತ್ತಿದ್ದ ಅಂತ ನೀವೇ ಊಹಿಸಿ. ದೇಶಕ್ಕೆ ಟೈಮು ತೋರಿಸಿದವನ ಸಂಬಳದ ಗಡಿಯಾರ ಮಾತ್ರ ನಿಂತೇಹೋಗಿತ್ತು.

‘ನೌಕರರೇ ಸೋಮಾರಿಗಳಾಗಿದ್ದರು, ಯೂನಿಯನ್‌ನವರು ಹಾಳು ಮಾಡಿದರು’ ಅಂತ ಹೇಳುವವರೂ ಇದ್ದಾರೆ. ಸರ್ಕಾರಿ ಕಂಪನಿಯಲ್ಲಿ ಸೋಮಾರಿತನ ಇರಲೇ ಇಲ್ಲ ಅಂತ ನಾವು ಪ್ರಮಾಣ ಮಾಡೋದಿಲ್ಲ. ಆದರೆ ಯಾವ ಮಾದರಿ ಮಾಡಬೇಕು, ಎಲ್ಲಿ ಕಾರ್ಖಾನೆ ಕಟ್ಟಬೇಕು, ಯಾವ ಬೆಲೆಗೆ ಮಾರಬೇಕು ಅಂತ ತೀರ್ಮಾನ ಮಾಡಿದ್ದು ಭೂತಗನ್ನಡಿ ಹಾಕಿಕೊಂಡು ಕೂತಿದ್ದವರಲ್ಲ. ಅವರು ಮಾಡಿದ ವಾಚು ಐವತ್ತು ವರ್ಷದ ಮೇಲೂ ನಡೀತಿದೆ. ತೀರ್ಮಾನ ಮಾಡಿದವರ ಒಂದು ಯೋಜನೆಯಾದರೂ ಐದು ವರ್ಷ ನಡೆದಿದ್ದರೆ ತೋರಿಸಿ.

ಉಳಿದದ್ದೇನು?

ಉಳಿದದ್ದು ಬಹಳ ಇದೆ. ಈಗ ಪಟ್ಟಣದ ಹುಡುಗರು ಹಳೇ ಜನತಾ, ಪೈಲಟ್ ಹುಡುಕಿಕೊಂಡು ಅಲೆಯುತ್ತಾರೆ. ಬೇಡಿಕೆ ಎಷ್ಟಿದೆ ಅಂದರೆ ಹಳೇ ಡಯಲ್ಲಿಗೆ ಹೊಸ ಬಣ್ಣ ಬಳಿದು ‘ಅಸಲಿ’ ಅಂತ ಟೋಪಿ ಹಾಕುವ ದಂಧೆಯೂ ಹುಟ್ಟಿದೆ. ತಂದೆಯ ವಾಚು ಕಟ್ಟುವ ಮಗ ಊರೂರಿಗೂ ಸಿಗುತ್ತಾನೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ವಸ್ತುಸಂಗ್ರಹಾಲಯ ತೆರೆದರು. ಎಲ್ಲಕ್ಕಿಂತ ದೊಡ್ಡ ಆಸ್ತಿ ಕೈಕೆಲಸ. ಬೆಂಗಳೂರು ಸುತ್ತಮುತ್ತ ಸಣ್ಣ ವರ್ಕ್‌ಶಾಪ್ ಇಟ್ಟವರಲ್ಲಿ ಎಚ್‌ಎಂಟಿ ಟ್ರೈನಿಂಗ್‌ನಲ್ಲಿ ಅಳತೆಯ ಶಿಸ್ತು ಕಲಿತವರು ಎಷ್ಟೋ ಜನ.

ಆದರೆ ದೊಡ್ಡವರಿಗೆ ಎಚ್‌ಎಂಟಿ ಅಂದರೆ ನೆನಪಾಗೋದು ಜಮೀನು ಮಾತ್ರ. 2024ರಲ್ಲಿ ಪೀಣ್ಯ-ಜಾಲಹಳ್ಳಿಯ ಜಾಗ ಅರಣ್ಯ ಇಲಾಖೆಯದೋ ಕಂಪನಿಯದೋ ಅಂತ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆಗೂ ಕೇಂದ್ರದ ಬೃಹತ್ ಕೈಗಾರಿಕೆ ಸಚಿವ ಎಚ್.ಡಿ. ಕುಮಾರಸ್ವಾಮಿಗೂ ದೊಡ್ಡ ಜಟಾಪಟಿ ನಡೆಯಿತು. ಅದರಲ್ಲಿ ಯಾರು ಸರಿ ಅಂತ ಕೋರ್ಟು, ಕಾಗದ ಹೇಳಲಿ. ಕಾರ್ಖಾನೆ ಸಾಯುವಾಗ ಇಷ್ಟು ಗಟ್ಟಿಯಾಗಿ ಯಾರೂ ಕೂಗಾಡಲಿಲ್ಲವಲ್ಲ ಅನ್ನೋದಷ್ಟೇ ನಮ್ಮ ಬೇಜಾರು.

ಜಿಲ್ಲೆಯ ಪ್ರತಿನಿಧಿಗಳಿಗೆ, ಅಧಿಕಾರಿಗಳಿಗೆ ನಮ್ಮದು ಮೂರೇ ಮಾತು. ಒಂದು, ಬಿದರೆಹಳ್ಳ ಕಾವಲಿಗೇ ಆಗಲಿ ವಸಂತನರಸಾಪುರಕ್ಕೇ ಆಗಲಿ, ಬರುವ ಕಂಪನಿಯಲ್ಲಿ ನಮ್ಮ ಐಟಿಐ ಹುಡುಗ ಹುಡುಗಿಯರಿಗೆ ಕಲಿಯುವ ಕೆಲಸ ಕೊಡಿಸಿ. ಗೇಟು ಕಾಯೋದು, ಕಸ ಗುಡಿಸೋದು ಮಾತ್ರ ಅವರ ಪಾಲಿಗೆ ಬರೋದು ಬೇಡ. ಜಮೀನು ಹೋದೀತು, ಕಲಿತದ್ದು ಹೋಗೋದಿಲ್ಲ. ಎರಡು, ಕಂಪನಿ ಕೆಮ್ಮಲು ಶುರು ಮಾಡಿದಾಗಲೇ ಕೇಳಿ. ಹೊಸ ಮಾದರಿ ಏನು, ಹೊಸ ಯಂತ್ರಕ್ಕೆ ದುಡ್ಡು ಎಲ್ಲಿ ಅಂತ ಲೋಕಸಭೆಯಲ್ಲಿ ಕೇಳಿ; ಹೆಣ ಎತ್ತುವಾಗ ಬಂದು ಹಾರ ಹಾಕಬೇಡಿ. ಮೂರು, ತುಮಕೂರಿನಲ್ಲಿ ವಾಚು ಜೋಡಿಸಿದ ಕೈಗಳು ಇನ್ನೂ ನಮ್ಮ ನಡುವೆ ಇವೆ. ಅವರ ಭೂತಗನ್ನಡಿ, ಚಿಮುಟ, ಒಂದೆರಡು ಬೆಂಚು, ಇಲ್ಲಿ ತಯಾರಾದ ವಾಚುಗಳು ಇವನ್ನೆಲ್ಲಾ ಒಂದು ಕೋಣೆಯಲ್ಲಿ ಜೋಡಿಸಿ ಮಕ್ಕಳಿಗೆ ತೋರಿಸಲು ಜಿಲ್ಲಾಡಳಿತಕ್ಕೆ ಕೋಟಿಗಳೇನೂ ಬೇಡ. ಮನಸ್ಸು ಬೇಕು.

ಕೀ ಕೊಡುವ ವಾಚಿಗೆ ಒಂದು ನಿಯಮ ಉಂಟು: ದಿನಾ ಬೆಳಿಗ್ಗೆ ಮರೆಯದೆ ಕೀ ತಿರುಗಿಸಬೇಕು. ಪ್ರೈಮರಿ ಶಾಲೆ ಮೇಷ್ಟ್ರಿಗೆ ಇದು ಗೊತ್ತಿತ್ತು. ಕಂಪನಿಯ ಯಜಮಾನನಾಗಿದ್ದ ಸರ್ಕಾರ ಮರೆಯಿತು. ಮುಂದಿನ ಕಾರ್ಖಾನೆಯ ವಿಷಯದಲ್ಲಾದರೂ ಮರೆಯದಂತೆ ನೆನಪಿಸೋದು ತುಮಕೂರಿನವರ ಕೆಲಸ.