ಎಚ್ಚರಿಸುವುದೂ ಕರ್ತವ್ಯವೇ

1981ರ ಡಿಸೆಂಬರ್‌ನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಫಾಸ್ಜಿನ್ ಅನಿಲಕ್ಕೆ ಓರ್ವ ಕಾರ್ಮಿಕ ಬಲಿಯಾದ. ಕಾರ್ಮಿಕರು ಪ್ರತಿಭಟಿಸಿದರು, ಅಪಾಯದ ಕುರಿತು ಭಿತ್ತಿಪತ್ರಗಳನ್ನು ಅಂಟಿಸಿ ಎಚ್ಚರಿಸಿದರು. ಆಡಳಿತ ಕಿವಿಗೊಡಲಿಲ್ಲ. 1984ರ ಡಿಸೆಂಬರ್ 2ರ ರಾತ್ರಿ ಹೊರಬಿದ್ದ ವಿಷಾನಿಲವು ಸಾವಿರಾರು ಮಂದಿಯ ಪ್ರಾಣ ತೆಗೆಯಿತು. ಅಪಾಯಕಾರಿ ಕಾರ್ಖಾನೆಗಳ ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೆ ಸಮಾನ ಸ್ಥಾನ ನೀಡುವ ತಿದ್ದುಪಡಿಯನ್ನು ಸರಕಾರ ತಂದದ್ದು ಆ ಬಳಿಕ, 1987ರಲ್ಲಿ.

ಯಂತ್ರದ ಸದ್ದು ಬದಲಾದುದು ಮೊದಲು ತಿಳಿಯುವುದು ಅದರ ಬಳಿ ನಿಂತವನಿಗೆ. ಕಡತ ಎಲ್ಲಿ, ಏಕೆ ನಿಂತಿದೆಯೆಂಬುದು ಗುಮಾಸ್ತನಿಗೆ ಗೊತ್ತು. ಆದರೂ ‘ನಮಗೇಕೆ ಈ ಉಸಾಬರಿ’ ಎಂದು ಸುಮ್ಮನಾಗುವವರೇ ಹೆಚ್ಚು. ಹಡಗಿನ ಕೆಳ ಅಂತಸ್ತಿನವರು ತಳಕ್ಕೆ ರಂಧ್ರ ಕೊರೆಯುವಾಗ ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುವರೆಂಬ ಉಪಮೆಯನ್ನು ಪ್ರವಾದಿ ಮುಹಮ್ಮದ್(ಸ)ರು ನೀಡಿದ್ದು ಇಂತಹ ಮೌನದ ವಿರುದ್ಧವೇ ಅಲ್ಲವೇ?

ಉದ್ಯೋಗ ಒಂದು ಅಮಾನತ್ತು. ಸಮಯಪಾಲನೆ, ಪ್ರಾಮಾಣಿಕತೆ ಅದರ ಮೊದಲ ಮೆಟ್ಟಿಲು. ಸ್ವತಃ ಕೆಲಸಗಳ್ಳನಾದವನ ದೂರಿಗೆ ಬೆಲೆಯಿರದು. ಕಂಡ ದೋಷವನ್ನು ಚಹಾದಂಗಡಿಯಲ್ಲಿ ಹೇಳಿಕೊಳ್ಳದೆ, ಸಹೋದ್ಯೋಗಿಗಳೊಡನೆ ಸೇರಿ, ಪರಿಹಾರದ ಸಲಹೆ ಸಹಿತ ಲಿಖಿತವಾಗಿ ಮೇಲಿನವರಿಗೆ ತಿಳಿಸಬೇಕು.

ನಮ್ಮ ಸಮುದಾಯದಲ್ಲಿ ಅಂಗಡಿ, ಗ್ಯಾರೇಜು, ಶಾಲೆಗಳನ್ನು ನಡೆಸುವ ಮಾಲಕರೂ ಇದ್ದಾರೆ. ಎಚ್ಚರಿಸುವ ನೌಕರನನ್ನು ಅವರು ಶತ್ರುವೆಂದು ಭಾವಿಸದಿರಲಿ. ಭೋಪಾಲದಲ್ಲಿ ನೌಕರರು ಮಾತನಾಡಿದ್ದರು, ಆಲಿಸುವವರಿರಲಿಲ್ಲ.