ಹುಡುಗಿಗ್ಯಾಕ ರೈಲು?

ಮಣ್ಣೆತ್ತಿನ ಅಮಾವಾಸ್ಯೆಗೆ ಹುಡುಗಿ ಎತ್ತು ಮಾಡಿದರೆ ‘ಎಷ್ಟ ಚಂದ ಮಾಡ್ಯಾಳ ನೋಡ್ರಿ’ ಎನ್ನುತ್ತೇವೆ. ಆಷಾಢದಲ್ಲಿ ಗುಳ್ಳವ್ವನನ್ನು ಕೂರಿಸಿದರೆ ಆರತಿ ಹಿಡಿದು ಹೊರಡುತ್ತೇವೆ. ಅದೇ ಹುಡುಗಿ ಪ್ಲೈವುಡ್ಡಿನ ಮೇಲೆ ಹಳಿ ಜೋಡಿಸಿ ರೈಲು ಓಡಿಸುತ್ತೇನೆಂದರೆ ಮಾತ್ರ ನಮ್ಮ ಹುಬ್ಬು ಗಂಟಿಕ್ಕುತ್ತದೆ. ‘ಹುಡುಗಿಗ್ಯಾಕಬೇ ರೈಲು?’ ಹೀಗೆ ಕೇಳುವುದರಲ್ಲಿ ಗಂಡಸರಿಗಿಂತ ನಾವೇ ಒಂದು ಹೆಜ್ಜೆ ಮುಂದು. ಆದ್ದರಿಂದ ಈ ಜಗಳ ನಮ್ಮ ನಮ್ಮಲ್ಲೇ ಆಗಲಿ.

ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ಅಲ್ಲೇ ಕೂಡಿಕೊಂಡವು. ಅದೇ ಜಿಲ್ಲೆಯ ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚಿನಲ್ಲಿ. ನೂರೈವತ್ತಮೂರು ವರ್ಷ! ಆ ರೈಲನ್ನು ನೋಡಲು ಊರಿಗೆ ಊರೇ ಹೋಯಿತು. ನನ್ನ ತಂಗಿಯ ಮಗಳೂ ಹೋದಳು. ಮರುವರ್ಷ, ಒಂಬತ್ತನೆಯ ತರಗತಿಯಲ್ಲಿದ್ದಾಗ, ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಶಾಲೆಯ ವಸ್ತುಪ್ರದರ್ಶನಕ್ಕೆ ಒಂದು ರೈಲು ಮಾದರಿ ಕಟ್ಟಿದಳು. ಊರು ಯಾವುದು ಗೊತ್ತೇ? ಲಿಂಗಸುಗೂರು ತಾಲೂಕಿನ ಹಟ್ಟಿ. ಚಿನ್ನದ ಗಣಿಯ ಊರು, ಆದರೆ ರೈಲಿಲ್ಲದ ಊರು. ಕೋಲಾರದ ಗಣಿಗೆ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಬ್ರಿಟಿಷರ ಕಾಲದಲ್ಲೇ ಹಳಿ ಬಿದ್ದಿತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ‘ಹಂಗಾದ್ರ ನಾವ ಹಾಕಿಬಿಡ್ತೀವಿ ಹಳಿ’ ಎಂದರು ಮೂವರೂ.

ಇದು ಆಟ ಎನ್ನುವವರು ಲೆಕ್ಕ ನೋಡಲಿ. ಇಂಥ ಮಾದರಿಗಳಲ್ಲಿ ಹೆಚ್ಚು ಬಳಕೆಯಾಗುವ ಅಳತೆ ಎಂಬತ್ತೇಳಕ್ಕೆ ಒಂದು. ರೈಲಿನ ಡಬ್ಬಿ ಒಂದು ಗೇಣಿಗಿಂತ ತುಸು ಉದ್ದವಾಗುತ್ತದೆ. ಐದಡಿಯ ಹೆಂಗಸು ಎರಡು ಸೆಂಟಿಮೀಟರೂ ಇರುವುದಿಲ್ಲ. ಪೇಟೆಯಲ್ಲಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತು ದಾಟುತ್ತದೆ. ಅಂದರೆ ಪೇಟೆಯ ಹಳಿ ಪರದೇಶದ ರೈಲಿನ ಅಳತೆಯದು. ಇದನ್ನು ಆ ಹುಡುಗಿಯರಿಗೆ ಯಾರೂ ಹೇಳಿಕೊಡಲಿಲ್ಲ. ಪಟ್ಟಿ ಹಿಡಿದು ತಾವೇ ಕಂಡುಕೊಂಡರು. ಭಾಗಾಕಾರ ಬಾಯಿಪಾಠವಾಗುವುದು ಬೇರೆ, ಕೈಗೆ ಹತ್ತುವುದು ಬೇರೆ.

ಕೊಂಡು ತಂದದ್ದು ಎಂಜಿನ್, ಎರಡು ಡಬ್ಬಿ, ಹಳಿ, ಹನ್ನೆರಡು ವೋಲ್ಟಿನ ಒಂದು ಪೆಟ್ಟಿಗೆ ಇಷ್ಟೇ. ಉಳಿದದ್ದೆಲ್ಲ ಮನೆಯದು. ಮನೆಗಳಿಗೆ ಜೋಳದ ದಂಟಿನ ಬೆಂಡು, ಕಂಬಗಳಿಗೆ ಊದಿನಕಡ್ಡಿ, ಹಳಿಯ ಕೆಳಗಿನ ಜಲ್ಲಿಗೆ ಜರಡಿ ಹಿಡಿದ ಮರಳು. ಅದರ ಮೇಲೆ ನೀರು ಬೆರೆಸಿದ ಫೆವಿಕಾಲನ್ನು ಹನಿ ಹನಿಯಾಗಿ ಬಿಟ್ಟು ಒಂದು ರಾತ್ರಿ ಒಣಗಿಸಿದರು. ಸುರಂಗ, ದೇವದಾರು ಮರ ಬೇಡವೆಂದು ಹಿಂದೆ ಮಸ್ಕಿಯ ಗುಡ್ಡವನ್ನು ನಿಲ್ಲಿಸಿದರು. ಅಶೋಕನ ಹೆಸರು ಸ್ಪಷ್ಟವಾಗಿ ಸಿಕ್ಕ ಆ ಬಂಡೆಶಾಸನವನ್ನು 1915ರಲ್ಲಿ ಕಂಡವನೂ ಚಿನ್ನದ ಗಣಿಯ ಎಂಜಿನಿಯರನೇ, ಬೀಡನ್ ಎಂಬಾತ. ಸೀರೆಯುಟ್ಟ ಹೆಂಗಸರ ಗೊಂಬೆ ಪೇಟೆಯಲ್ಲಿ ಸಿಗಲಿಲ್ಲ. ಕೋಟು ಟೋಪಿಯವರೇ ಎಲ್ಲ. ತಂತಿಗೆ ಎಂ-ಸೀಲ್ ಮೆತ್ತಿ, ಸೂಜಿಯಿಂದ ನೆರಿಗೆ ಗೀರಿ, ನಮ್ಮವರನ್ನು ತಾವೇ ಮಾಡಿದರು.

ನನ್ನ ಮಾತಿನ ತಿರುಳು ಇಲ್ಲಿದೆ. ಎಂಟಡಿ ಉದ್ದದ ಹಲಗೆಯಲ್ಲಿ ಆ ಅಳತೆಗೆ ಹಿಡಿಯುವುದು ಇನ್ನೂರು ಮೀಟರ್ ಚಿಲ್ಲರೆ ನೆಲ. ಇಡೀ ಊರು ಅದರಲ್ಲಿ ಕೂಡುವುದಿಲ್ಲ. ಏನು ಇರಬೇಕು, ಏನು ಬಿಡಬೇಕು ಎಂದು ಕಟ್ಟುವವರು ತೀರ್ಮಾನಿಸಲೇಬೇಕು. ಈ ಹುಡುಗಿಯರು ಅಧಿಕಾರಿಗಳ ಬಂಗಲೆ ಬಿಟ್ಟರು. ಗಣಿಯ ಶಾಫ್ಟಿನ ಗೋಪುರ, ಅದಿರು ಅರೆದು ಉಳಿದ ಬೂದುಬಣ್ಣದ ಪುಡಿಯ ದಿಬ್ಬ, ಕಾರ್ಮಿಕರ ಮನೆಗಳ ಸಾಲು, ನಳದ ಮುಂದೆ ಕೊಡಗಳ ಪಾಳಿ, ಇವನ್ನು ಇಟ್ಟರು. ನಿಲ್ದಾಣದಲ್ಲಿ ಹೆಂಗಸರ ಶೌಚಾಲಯವನ್ನು ಮೊದಲು ಮೂಲೆಯಲ್ಲಿಟ್ಟಿದ್ದರು. ಸಂಜೆ ಬಲ್ಬು ಹೊತ್ತಿಸಿ ನೋಡಿದಾಗ ಅಲ್ಲಿ ಕತ್ತಲೆ. ಕಿತ್ತು ದೀಪದ ಕಂಬದ ಬುಡಕ್ಕೆ ತಂದರು. ಊರು ಕಟ್ಟುವವರ ಮೇಜಿನ ಸುತ್ತ ಇಂಥ ಮೂವರು ಹುಡುಗಿಯರು ಕುಳಿತಿದ್ದರೆ ನಮ್ಮ ಬಸ್‌ಸ್ಟ್ಯಾಂಡುಗಳು ಈಗಿರುವ ಹಾಗಿರುತ್ತಿದ್ದವೇ?

ಪ್ರದರ್ಶನದಲ್ಲಿ ತೀರ್ಪುಗಾರರು ಕೇಳಿದ್ದು ಎರಡೇ ಪ್ರಶ್ನೆ. ‘ನಿಮ್ಮಪ್ಪ ಮಾಡಿಕೊಟ್ರಾ?’ ‘ಕೊಳೆ ದಿಬ್ಬ ಯಾಕೆ ತೋರಿಸಿದ್ರಿ, ಹಸಿರು ತೋರಿಸಬಾರದಿತ್ತೇ?’ ಬಹುಮಾನ ಹೋದದ್ದು ಅಂಗಡಿಯಿಂದ ಕೊಂಡು ತಂದ ಜ್ವಾಲಾಮುಖಿಗೆ. ಸಿಂಧನೂರಿನಲ್ಲಿ ಜ್ವಾಲಾಮುಖಿ! ಭತ್ತದ ಗದ್ದೆಯ ನಡುವೆ ಅದೆಲ್ಲಿಂದ ಎದ್ದಿತೋ ಆ ದೇವರೇ ಬಲ್ಲ. ಬಹುಮಾನ ತಪ್ಪಿತೆಂಬ ಸಂಕಟ ನನಗಿಲ್ಲ. ಮಕ್ಕಳು ಕಣ್ಣಾರೆ ಕಂಡದ್ದನ್ನು ಮುಚ್ಚಿಟ್ಟರೆ ಮಾತ್ರ ಅಂಕ ಎಂದು ಕಲಿಸುತ್ತೇವಲ್ಲ, ಅದಕ್ಕೆ ನನ್ನ ತಕರಾರು.

ಖರ್ಚಿನ ಮಾತು ಬರುತ್ತದೆ, ಬರಲಿ. ಎಂಜಿನ್ ಅಗ್ಗವಲ್ಲ, ಒಪ್ಪಿದೆ. ಮೂರು ಮನೆಯವರು ಹಂಚಿಕೊಂಡದ್ದರಿಂದಲೇ ಅದು ಬಂತು. ಆದರೆ ಮಗನ ಕ್ರಿಕೆಟ್ ಬ್ಯಾಟಿಗೆ, ಮಗಳ ಒಂದು ದಿನದ ಮೇಕಪ್ಪಿಗೆ ನಾವು ಹೀಗೆ ಲೆಕ್ಕ ಹಾಕುತ್ತೇವೆಯೇ? ಶಾಲೆಯೇ ಒಂದು ಎಂಜಿನ್ ಕೊಂಡಿಟ್ಟರೆ ಹತ್ತು ವರ್ಷದ ಮಕ್ಕಳು ಅದಕ್ಕೆ ಹತ್ತು ಊರು ಕಟ್ಟಬಹುದು. ಪುಣೆಯಲ್ಲಿ ಜೋಶಿ ಎಂಬವರು ಜೀವಮಾನವಿಡೀ ಇದೇ ಹವ್ಯಾಸ ಹಿಡಿದು, 1998ರಲ್ಲಿ ಪುಟ್ಟ ರೈಲುಗಳದೇ ಸಂಗ್ರಹಾಲಯ ತೆರೆದರು. ಅವರನ್ನು ಯಾರಾದರೂ ‘ನಿಮಗ್ಯಾಕ ರೈಲು’ ಎಂದರೇ?

ಕಾನೂನು ಕೂಡ ನಮಗಿಂತ ಮುಂದೆ ನಡೆದಿದೆ. 1952ರ ಗಣಿ ಕಾಯ್ದೆ ಹೆಣ್ಣು ನೆಲದಡಿಯ ಗಣಿಗೆ ಇಳಿಯಬಾರದು ಎಂದಿತ್ತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಗಳಿಗೆ, ಹಗಲು ಹೊತ್ತಿನಲ್ಲಿ, ಆ ಬಾಗಿಲು ತೆರೆಯಿತು. 1989ರಲ್ಲಿ ರೈಲ್ವೆ ಸೇರಿದ ಸುರೇಖಾ ಯಾದವ್ ದೇಶದ ಮೊದಲ ರೈಲು ಚಾಲಕಿಯಾಗಿ 2025ರಲ್ಲಿ ನಿವೃತ್ತರೂ ಆದರು. ಗದಗ–ವಾಡಿ ಮಾರ್ಗದ ರೈಲು 2025ರ ಮೇ ತಿಂಗಳಲ್ಲಿ ಕುಷ್ಟಗಿ ಮುಟ್ಟಿತು. ಅದೇ ಮಾರ್ಗದ ಮುಂದಿನ ಭಾಗದಲ್ಲಿದೆ ನಮ್ಮ ಲಿಂಗಸುಗೂರು. ಅಲ್ಲಿಯ ನಿಲ್ದಾಣಕ್ಕೆ ಎಂಜಿನಿಯರೂ ಬೇಕು, ಚಾಲಕರೂ ಬೇಕು. ಬರೀ ಟಿಕೆಟ್ ಕೊಳ್ಳುವವರನ್ನಷ್ಟೇ ನಾವು ಬೆಳೆಸಬೇಕೇ?

ಮಗಳು ಹಲಗೆ ಕೇಳಿದರೆ ಕೊಡಿಸಿ. ಪಡಸಾಲೆಯಲ್ಲಿ ಒಂದು ತಿಂಗಳು ಜಾಗ ಬಿಡಿ, ಮರಳು ಚೆಲ್ಲಿದರೆ ಗದರಬೇಡಿ. ಅವಳು ಕಟ್ಟುವುದು ನಮ್ಮೂರೇ ಆಗಿರಲಿ, ಕೊಳೆ ದಿಬ್ಬವೂ ಇರಲಿ. ಶಾಲೆಯವರು ‘ಹಸಿರು ಹಚ್ಚಿ ತನ್ನಿ’ ಎಂದರೆ ಅವಳ ಜೊತೆ ಹೋಗಿ ನೀವೇ ಕೇಳಿ: ಯಾಕ್ರೀ, ನಮ್ಮೂರು ನಿಮ್ಮ ಕಣ್ಣಿಗೆ ಬೀಳಬಾರದೇನು?