ಹೇಳಿದ್ದು ಒಂಬತ್ತು ಸಾವಿರ, ಬಿಲ್ ಇಪ್ಪತ್ತೊಂದು ಸಾವಿರ: ಗ್ಯಾರೇಜ್ ಜಗಳದಲ್ಲಿ ಕಾನೂನು ಯಾರ ಕಡೆ?

2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಒಂದೇ ದರ, ಶೇ. 18. ಮೊದಲು ಶೇ. 28 ಇದ್ದ ಸ್ಪೇರ್‌ಗಳೂ ಈಗ ಇದೇ ದರಕ್ಕೆ ಇಳಿದಿವೆ. ಒಳ್ಳೆಯದೇ. ಆದರೆ ಗ್ಯಾರೇಜ್‌ನ ಮೇಜಿನ ಮುಂದೆ ನಡೆಯುವ ಜಗಳ ತೆರಿಗೆಯದ್ದಲ್ಲ. "ಒಂಬತ್ತು ಸಾವಿರದಲ್ಲಿ ಆಗ್ತದೆ ಅಂದಿದ್ರಲ್ಲ ಕಾಕಾ, ಈಗ ಇಪ್ಪತ್ತೊಂದು ಸಾವಿರ ಹೇಗೆ?" ಎಂಬುದೇ ಅಲ್ಲಿನ ಪ್ರಶ್ನೆ. ಉತ್ತರವೂ ಹೆಚ್ಚಾಗಿ ಒಂದೇ ಥರ: "ಬಿಚ್ಚಿದ ಮೇಲೆ ಗೊತ್ತಾಯ್ತು, ಎಂತ ಮಾಡುವುದು?"

ಈ ವಿಷಯದಲ್ಲಿ ನಮ್ಮ ಸಮುದಾಯ ಮೇಜಿನ ಎರಡೂ ಬದಿಯಲ್ಲಿ ಉಂಟು. ರಿಕ್ಷಾ, ಪಿಕಪ್, ಮೀನಿನ ಗಾಡಿ, ಲಾರಿ ನಂಬಿ ಬದುಕುವವರೂ ನಮ್ಮವರೇ. ಗ್ಯಾರೇಜ್, ಟಿಂಕರಿಂಗ್, ಸ್ಪೇರ್ ಅಂಗಡಿ ಇಟ್ಟವರಲ್ಲೂ ನಮ್ಮವರಿದ್ದಾರೆ. ಹಾಗಾಗಿ "ಗ್ಯಾರೇಜ್‌ನವರೆಲ್ಲ ಮೋಸಗಾರರು" ಎಂದು ಬರೆದು ಮುಗಿಸುವಷ್ಟು ಸುಲಭದ ವಿಷಯ ಇದಲ್ಲ.

ಕಾನೂನು ಎಲ್ಲಿ ನೆರವಿಗೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಲು ಅಗಳಿಯ ಕಡೆಯಿಂದ ಶುರು ಮಾಡುವುದು ಒಳ್ಳೆಯದು. ಈ ಹೆಸರು ಕರಾವಳಿಯ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ತುಮಕೂರು ಜಿಲ್ಲೆಯ ಶಿರಾದ ಪೂರ್ವಕ್ಕೆ ಗಡಿ ದಾಟಿದರೆ ಸಿಗುವ ಆಂಧ್ರದ ಊರು ಅದು. ಕನ್ನಡ ಮಾತಾಡುವ ಮಡಕಶಿರಾ ಸೀಮೆಗೆ ಸೇರಿದ್ದು. 1953ರಲ್ಲಿ ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯ ಜೊತೆ ಆ ಕಡೆಗೆ ಹೋಯಿತು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮನೆ ಒಂದು ರಾಜ್ಯದಲ್ಲಿ, ಹತ್ತಿರದ ದೊಡ್ಡ ಪೇಟೆ ಇನ್ನೊಂದು ರಾಜ್ಯದಲ್ಲಿ. ಅಂಥ ಊರಿನವನೊಬ್ಬ ತನ್ನ ಪಿಕಪ್ಪನ್ನು ಶಿರಾದ ಗ್ಯಾರೇಜಿಗೆ ಬಿಟ್ಟ ಎಂದುಕೊಳ್ಳಿ. ಬಿಲ್ ವಿಷಯದಲ್ಲಿ ತಕರಾರು ಬಂತು. ಅವನು ಎಲ್ಲಿಗೆ ಹೋಗಬೇಕು? ತುಮಕೂರಿಗಾ, ಅನಂತಪುರಕ್ಕಾ? ಇದನ್ನೇ ತಿರುಗಿಸಿ ನೋಡಿ: ಮಂಗಳೂರಿನಿಂದ ಆ ಕಡೆ ಹೋದ ಗಾಡಿ ಅಗಳಿ ಹತ್ತಿರ ಕೆಟ್ಟು ನಿಂತು, ಗುರುತು ಪರಿಚಯ ಇಲ್ಲದ ಗ್ಯಾರೇಜಿನಲ್ಲಿ ಕೇಳಿದಷ್ಟು ಕೊಟ್ಟು ಬಂದರೆ, ಇಷ್ಟು ದೂರದಿಂದ ಅಲ್ಲಿಗೆ ಹೋಗಿ ಕೇಸು ನಡೆಸುವವರು ಯಾರು?

ಇದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೇರ ಉತ್ತರ ಉಂಟು. 2020ರ ಜುಲೈಯಲ್ಲಿ ಜಾರಿಗೆ ಬಂದ ಈ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ದೂರು ಕೊಡುವವನು ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ದಾಖಲಿಸಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಎದುರು ಪಕ್ಷ ಇರುವಲ್ಲಿಗೆ ಅಥವಾ ಘಟನೆ ನಡೆದಲ್ಲಿಗೆ ಹೋಗಬೇಕಿತ್ತು. ಈಗ ಅಗಳಿಯವನು ತನ್ನ ಜಿಲ್ಲೆಯ ವ್ಯಾಪ್ತಿಯಲ್ಲಿ, ಮಂಗಳೂರಿನವನು ಮಂಗಳೂರಿನಲ್ಲಿ ದೂರು ಕೊಡಬಹುದು. ಗಡಿ ಭಾಗದವರಿಗೆ, ದೂರದ ಊರಿಗೆ ಗಾಡಿ ಓಡಿಸುವವರಿಗೆ ಈ ಬದಲಾವಣೆ ಎಷ್ಟು ದೊಡ್ಡದು ಎಂಬುದರ ಬಗ್ಗೆ ಚರ್ಚೆಯೇ ಆಗಿಲ್ಲ.

ಇನ್ನು ಮೂಲ ಪ್ರಶ್ನೆಗೆ ಬರುವ. ಎಸ್ಟಿಮೇಟ್‌ಗಿಂತ ಬಿಲ್ ಹೆಚ್ಚಾದರೆ ಅದು ಅಪರಾಧವಾ? ಅಲ್ಲ. ಇಷ್ಟು ಶೇಕಡಾಕ್ಕಿಂತ ಹೆಚ್ಚಾಗಬಾರದು ಎಂದು ಮಿತಿ ಹಾಕಿದ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1971ರಿಂದಲೇ ವಾಹನ ರಿಪೇರಿಗೆಂದೇ ಒಂದು ಕಾಯ್ದೆ ಉಂಟು. ಬರವಣಿಗೆಯಲ್ಲಿ ಎಸ್ಟಿಮೇಟ್ ಕೊಡಬೇಕು, ಗ್ರಾಹಕನ ಒಪ್ಪಿಗೆ ಇಲ್ಲದೆ ಅದನ್ನು ಮೀರಿ ಹಣ ಕೇಳುವಂತಿಲ್ಲ. ಜರ್ಮನಿಯಲ್ಲಿ ಖರ್ಚು ಅಂದಾಜಿಗಿಂತ ಬಹಳ ಮೀರುತ್ತದೆ ಎಂದು ಗೊತ್ತಾದ ಕೂಡಲೇ ಕೆಲಸ ಮಾಡುವವನು ತಿಳಿಸಬೇಕು. ಗ್ರಾಹಕ ಬೇಕಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಬಹುದು. ನಮ್ಮ ಕಾಯ್ದೆ ಗ್ಯಾರೇಜ್ ಎಂಬ ಹೆಸರು ಹೇಳುವುದಿಲ್ಲ. ಸೇವೆಯ ಬೆಲೆ ತಿಳಿಯುವ ಹಕ್ಕು, ಸೇವೆಯಲ್ಲಿ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎಂಬ ಅಗಲವಾದ ಮಾತುಗಳೊಳಗೆ ನಮ್ಮ ಜಗಳವನ್ನು ನಾವೇ ಕೂರಿಸಬೇಕು. ಬಿಲ್ ಅಥವಾ ರಸೀದಿ ಕೊಡದಿರುವುದನ್ನು ಮಾತ್ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಸ್ಪಷ್ಟವಾಗಿ ಹೆಸರಿಸಿದೆ.

ಅಂದರೆ ಆಯೋಗದ ಮುಂದೆ ನಿಲ್ಲುವ ಪ್ರಶ್ನೆ "ಎಷ್ಟು ಹೆಚ್ಚಾಯಿತು" ಎಂಬುದಕ್ಕಿಂತ "ಹೆಚ್ಚಿನ ಕೆಲಸಕ್ಕೆ ಒಪ್ಪಿದ್ದು ಯಾರು, ಯಾವಾಗ" ಎಂಬುದು. ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದ ಮೇಲೆ ಫ್ಲೈವೀಲ್ ಸವೆದದ್ದು ಕಾಣಬಹುದು. ಇದು ಸುಳ್ಳಲ್ಲ. ಇಂಜಿನ್ ಬಿಚ್ಚದೆ ಒಳಗಿನ ಸ್ಥಿತಿ ಹೇಳಲು ಯಾವ ಮೇಸ್ತ್ರಿಗೂ ಆಗುವುದಿಲ್ಲ. ಪ್ರಾಮಾಣಿಕ ಮೆಕ್ಯಾನಿಕ್ ಅಲ್ಲಿ ಕೆಲಸ ನಿಲ್ಲಿಸಿ ಫೋನ್ ಮಾಡುತ್ತಾನೆ. ಇನ್ನೊಬ್ಬ ಫೋನ್ ಮಾಡದೆ ಕೆಲಸ ಮುಗಿಸಿ ಬಿಲ್ ಮುಂದಿಡುತ್ತಾನೆ. ಕೆಲಸ ಎರಡೂ ಕಡೆ ಒಂದೇ ಇರಬಹುದು. ಆದರೆ ಎರಡನೆಯವನು ನಿರ್ಧಾರ ಮಾಡುವ ಹಕ್ಕನ್ನೇ ಗ್ರಾಹಕನಿಂದ ಕಿತ್ತುಕೊಂಡ. ಹಳೆಯ ಗಾಡಿಗೆ ಅಷ್ಟು ಖರ್ಚು ಮಾಡುವುದೇ ಬೇಡ, ಗುಜರಿಗೆ ಕೊಡುವ ಎಂದು ಗ್ರಾಹಕ ತೀರ್ಮಾನಿಸಬಹುದಿತ್ತಲ್ಲ?

"ಟ್ಯಾಕ್ಸ್ ಬೇರೆ" ಎಂಬ ಮಾತನ್ನೂ ಇಲ್ಲೇ ಹೇಳಬೇಕು. ಹನ್ನೆರಡು ಸಾವಿರ ಎಂದು ಬಾಯಲ್ಲಿ ಹೇಳಿ, ಕೊನೆಗೆ ಶೇ. 18 ಸೇರಿಸಿದರೆ 14,160 ಆಗುತ್ತದೆ. ಇದು ಎಸ್ಟಿಮೇಟ್ ಮೀರಿದ್ದಲ್ಲ, ಪೂರ್ತಿ ಹೇಳದೆ ಬಿಟ್ಟದ್ದು. ಜೊತೆಗೆ, ಜಿಎಸ್‌ಟಿ ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಲ್ಲಿ ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ. ಕಂಪೋಸಿಷನ್ ಯೋಜನೆಯಲ್ಲಿರುವ ಸಣ್ಣ ವ್ಯಾಪಾರಿಗಳೂ ಗ್ರಾಹಕನಿಂದ ತೆರಿಗೆ ಬೇರೆಯಾಗಿ ಪಡೆಯುವಂತಿಲ್ಲ. ಬಿಲ್‌ನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಉಂಟಾ ನೋಡಿ. ಕರ್ನಾಟಕದ್ದಾದರೆ 29ರಿಂದ, ಆಂಧ್ರದ್ದಾದರೆ 37ರಿಂದ ಶುರುವಾಗುತ್ತದೆ.

ಕೋಪ ಬಂದಾಗ ಯುವಕರು ಮಾಡುವ ಒಂದು ಕೆಲಸದ ಬಗ್ಗೆ ಎಚ್ಚರಿಸಲೇಬೇಕು. "ಗಾಡಿ ನನ್ನದು, ಇನ್ನೊಂದು ಕೀ ನನ್ನ ಹತ್ತಿರ ಉಂಟು, ರಾತ್ರಿ ಹೋಗಿ ತರ್ತೇನೆ" ಎಂಬ ಯೋಚನೆ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ವಸ್ತುವಿನ ಮೇಲೆ ದುಡಿಮೆ ಅಥವಾ ಕೌಶಲ ಹಾಕಿದವನು ತನ್ನ ನ್ಯಾಯವಾದ ಕೂಲಿ ಸಿಗುವ ತನಕ ಅದನ್ನು ಇಟ್ಟುಕೊಳ್ಳಬಹುದು. ಕಳ್ಳತನದ ಕಾನೂನಿನಲ್ಲಿ ಇದಕ್ಕೆ ಸರಿಯಾಗಿ ಒಂದು ಉದಾಹರಣೆಯೇ ಉಂಟು: ರಿಪೇರಿಗೆ ಕೊಟ್ಟ ತನ್ನದೇ ಗಡಿಯಾರವನ್ನು, ರಿಪೇರಿ ಹಣ ಬಾಕಿ ಇರುವಾಗ, ಆ ಬಾಕಿಯ ಆಧಾರ ತಪ್ಪಿಸುವ ಉದ್ದೇಶದಿಂದ ತೆಗೆದುಕೊಂಡು ಹೋದರೆ ಮಾಲಕನೇ ಕಳ್ಳನಾಗುತ್ತಾನೆ. ಬ್ರಿಟಿಷರ ಕಾಲದ ದಂಡ ಸಂಹಿತೆಯಲ್ಲಿದ್ದ ಈ ಗಡಿಯಾರ ಈಗಿನ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್‌ಗೂ ಬಂದಿದೆ. ಗಡಿಯಾರದ ಜಾಗದಲ್ಲಿ ಸ್ಕೂಟರ್ ಇಟ್ಟು ಓದಿದರೆ ಸಾಕು.

ಆದರೆ ಗ್ಯಾರೇಜ್‌ನವರ ಈ ಹಕ್ಕಿಗೂ ಮಿತಿ ಉಂಟು. ಆ ಕೆಲಸದ ಕೂಲಿಗೆ ಆ ಗಾಡಿಯನ್ನು ಮಾತ್ರ ಹಿಡಿದಿಟ್ಟುಕೊಳ್ಳಬಹುದು. ನಿಮ್ಮ ತಮ್ಮನ ಬೈಕಿನ ಹಳೆ ಬಾಕಿಗೆ ನಿಮ್ಮ ರಿಕ್ಷಾ ನಿಲ್ಲಿಸಿಕೊಳ್ಳುವಂತಿಲ್ಲ. ಕಾನೂನು ಹೇಳುವುದು ನ್ಯಾಯವಾಗಿ ಸಲ್ಲಬೇಕಾದ ಕೂಲಿಯ ಬಗ್ಗೆ; ಕೇಳದೆ ಮಾಡಿದ ಕೆಲಸದ ಕೂಲಿ ಅದರಲ್ಲಿ ಸೇರುತ್ತದಾ ಎಂಬುದೇ ವಾದದ ವಿಷಯ. ಗ್ಯಾರೇಜ್‌ನವನಿಗೂ ವಾದ ಇಲ್ಲದಿಲ್ಲ. ಪುಕ್ಕಟೆಯಾಗಿ ಅಲ್ಲದೆ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವನು ಪರಿಹಾರ ಕೊಡಬೇಕು ಎಂದು ಅದೇ ಕಾಯ್ದೆಯ 70ನೇ ಸೆಕ್ಷನ್ ಹೇಳುತ್ತದೆ. ಹೊಸ ಫ್ಲೈವೀಲ್ ಹಾಕಿದ ಗಾಡಿಯಲ್ಲಿ ದಿನಾ ಓಡಾಡುತ್ತಾ "ಒಂದು ಪೈಸೆ ಕೊಡುವುದಿಲ್ಲ" ಎಂದರೆ ಆ ವಾದ ಗಟ್ಟಿಯಾಗಿ ನಿಲ್ಲುವುದಿಲ್ಲ.

ದಿನದ ದುಡಿಮೆಯ ಗಾಡಿ ಗ್ಯಾರೇಜ್‌ನಲ್ಲೇ ನಿಂತರೆ ನಷ್ಟ ಬಿಲ್‌ಗಿಂತ ಹೆಚ್ಚು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಹಟಕ್ಕೆ ಬೀಳುವುದಕ್ಕಿಂತ ಹಣ ಕೊಟ್ಟು ಗಾಡಿ ಬಿಡಿಸಿಕೊಳ್ಳುವುದೇ ವಾಸಿ, ಆದರೆ ಸುಮ್ಮನೆ ಕೊಡಬಾರದು. ಬಿಲ್‌ನ ಮೇಲೆಯೇ "ಆಕ್ಷೇಪದೊಂದಿಗೆ ಪಾವತಿಸಿದ್ದೇನೆ, ಮೊದಲು ಹೇಳಿದ್ದು ಇಷ್ಟು" ಎಂದು ಬರೆದು ಫೋಟೋ ತೆಗೆಯಿರಿ. ಬರೆಯಲು ಬಿಡದಿದ್ದರೆ ಅಲ್ಲಿಂದಲೇ ಅವರ ನಂಬರಿಗೆ ವಾಟ್ಸ್‌ಆ್ಯಪ್ ಮಾಡಿ. ಹಣವನ್ನು ಯುಪಿಐಯಲ್ಲೇ ಕೊಡಿ. ಬದಲಿಸಿದ ಹಳೆಯ ಸ್ಪೇರ್ ಕೇಳಿ ತನ್ನಿ. ಸವೆಯದ ಬೇರಿಂಗನ್ನು ಬದಲಿಸಿದ್ದರೆ ಆ ಹಳೆಯ ಬೇರಿಂಗೇ ಸಾಕ್ಷಿ. ಹಣ ಕೊಡಲು ಸಾಧ್ಯವೇ ಇಲ್ಲದಿದ್ದರೆ, ದೂರಿನ ಜೊತೆ ಗಾಡಿ ಬಿಡಿಸಿಕೊಡಿ ಎಂದು ಮಧ್ಯಂತರ ಆದೇಶವನ್ನೂ ಕೇಳಬಹುದು. 38ನೇ ಸೆಕ್ಷನ್ ಆಯೋಗಕ್ಕೆ ಆ ಅಧಿಕಾರ ಕೊಟ್ಟಿದೆ.

ಮೊದಲ ಹೆಜ್ಜೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಇವರು ತೀರ್ಪು ಕೊಡುವವರಲ್ಲ, ಎದುರಿನವರಿಗೆ ದೂರು ತಲುಪಿಸಿ ರಾಜಿಗೆ ನೋಡುವವರು. ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರ್ ಇದಕ್ಕೆ ಸ್ವಲ್ಪ ಬಗ್ಗುತ್ತದೆ, ರಸ್ತೆ ಬದಿಯ ಶೆಡ್ ಬಗ್ಗುವುದು ಕಷ್ಟ. ಮುಂದಿನದು ಜಿಲ್ಲಾ ಆಯೋಗ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಬಹುದು. ವಿಡಿಯೋ ಮೂಲಕ ವಿಚಾರಣೆ ಕೇಳಿಕೊಳ್ಳಲೂ ಅವಕಾಶ ಉಂಟು. ಲ್ಯಾಬ್ ಪರೀಕ್ಷೆ ಬೇಡದ ದೂರುಗಳನ್ನು 3 ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಬೇಡಿ.

ಗಾಡಿಯಿಂದಲೇ ದುಡಿಯುವವರಿಗೆ ಒಂದು ಅಡ್ಡಿ ಎದುರಾಗಬಹುದು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆ ಈ ಕಾಯ್ದೆಗೆ ಬರುವುದಿಲ್ಲ ಎಂದು ಎದುರಿನವರು ವಾದಿಸುತ್ತಾರೆ. ಹತ್ತು ಲಾರಿ ಇಟ್ಟವರಿಗೆ ಆ ವಾದ ತಾಗುತ್ತದೆ. ಆದರೆ 1995ರಲ್ಲಿ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನೋಪಾಯಕ್ಕಾಗಿ ತಾನೇ ಓಡಿಸಲು ರಿಕ್ಷಾ ಖರೀದಿಸಿದವನು ಗ್ರಾಹಕನೇ ಎಂದಿತ್ತು. ಖರೀದಿಯ ವಿಷಯದಲ್ಲಿ ಹೇಳಿದ ಈ ಮಾತನ್ನು ರಿಪೇರಿಯ ದೂರಿನಲ್ಲೂ ಮುಂದಿಡಬೇಕು, ಬಿಡಬಾರದು.

ಪೊಲೀಸ್ ಠಾಣೆಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಎಂದು ಕಳಿಸುತ್ತಾರೆ, ಬಿಲ್‌ನ ಲೆಕ್ಕದ ಮಟ್ಟಿಗೆ ಅವರು ಹೇಳುವುದು ಸರಿಯೇ. ಬೆದರಿಕೆ, ಹಲ್ಲೆ ನಡೆದರೆ ಮಾತ್ರ ಠಾಣೆಯ ಕೆಲಸ. ಯಾರೂ ಕೇಳುವುದಿಲ್ಲ ಎಂಬ ಹತಾಶೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ ನೋಡಿದ್ದೇವೆ. ಹೊಸ ಎಲೆಕ್ಟ್ರಿಕ್ ಸ್ಕೂಟರಿನ ದೋಷ ಸರಿಯಾಗಲಿಲ್ಲ ಎಂದು ಯುವಕನೊಬ್ಬ ಓಲಾ ಶೋರೂಮಿಗೇ ಬೆಂಕಿ ಹಚ್ಚಿ ಬಂಧನಕ್ಕೊಳಗಾದ. ಅದೇ ಹೊತ್ತಿಗೆ, 2023ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗೆ, ಅದೇ ಕಂಪನಿಯ ಮೇಲೆ 1915ರಲ್ಲಿ 10,644 ದೂರುಗಳು ಸೇರಿದ್ದವು. ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕಂಪನಿಗೆ ನೋಟಿಸ್ ಕೊಟ್ಟಿತು. ಬೆಂಕಿ ಹಚ್ಚಿದವನ ತಲೆ ಮೇಲೆ ಕ್ರಿಮಿನಲ್ ಕೇಸು ಬಿತ್ತು, ನೋಟಿಸಿಗೆ ಬಲ ಕೊಟ್ಟದ್ದು ಫೋನ್ ಮಾಡಿ ದೂರು ಬರೆಸಿದವರು.

ಎಸ್ಟಿಮೇಟ್ ಕಾಗದದಲ್ಲಿ ಇದ್ದರೂ ಜಗಳ ತಪ್ಪಿತು ಎಂದಲ್ಲ. 2022ರ ಸೆಪ್ಟೆಂಬರ್‌ನ ಬೆಂಗಳೂರು ನೆರೆಯಲ್ಲಿ ಮುಳುಗಿದ ಫೋಕ್ಸ್‌ವ್ಯಾಗನ್ ಪೋಲೊ ಕಾರೊಂದಕ್ಕೆ ಸರ್ವಿಸ್ ಸೆಂಟರ್ ಕೊಟ್ಟ ಎಸ್ಟಿಮೇಟ್ 22 ಲಕ್ಷ. ಕಾರಿನ ಬೆಲೆಯೇ ಸುಮಾರು 11 ಲಕ್ಷ! ವಿಮೆಯವರು ಪೂರ್ತಿ ನಷ್ಟ ಎಂದು ಒಪ್ಪಿದ ಮೇಲೆ, ಎಸ್ಟಿಮೇಟ್ ಮಾಡಿದ್ದಕ್ಕೇ 44,840 ರೂಪಾಯಿ ಕೇಳಿದರು. ವಿಷಯ ಸುದ್ದಿಯಾಗಿ ಕಂಪನಿ ಮಧ್ಯ ಬಂದ ಮೇಲೆ 5,000ಕ್ಕೆ ಇಳಿಯಿತು. ಗಾಡಿ ಬಿಡುವ ಮೊದಲು "ರಿಪೇರಿ ಮಾಡಿಸದಿದ್ದರೆ ನೋಡಿದ್ದಕ್ಕೆ ಎಷ್ಟು?" ಎಂದೂ ಕೇಳಿಡಬೇಕು ಎಂಬುದು ಆಗ ಹಲವರಿಗೆ ಗೊತ್ತಾಯಿತು.

ಕಂಪನಿ ಸರ್ವಿಸ್ ದುಬಾರಿ ಎಂದು ಹೊರಗಿನ ಗ್ಯಾರೇಜಿಗೆ ಬರುವವರೇ ಹೆಚ್ಚು. ಅಲ್ಲಿನ ಬಿಲ್ ಏರುವುದಕ್ಕೂ ಎಲ್ಲ ಸಲ ಮೇಸ್ತ್ರಿಯೇ ಕಾರಣ ಅಲ್ಲ. ಅಸಲಿ ಸ್ಪೇರ್ ಮತ್ತು ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ 'ರಿಪೇರಿಯ ಹಕ್ಕು' ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಕಾಯ್ದೆಯಂತೂ ಅದು ಅಲ್ಲ.

ಗ್ಯಾರೇಜ್ ನಡೆಸುವ ನಮ್ಮ ಹುಡುಗರಿಗೆ ಬೇಕಾದ ವ್ಯವಸ್ಥೆ ಕಿಸೆಯಲ್ಲೇ ಉಂಟು. ಗಾಡಿ ಬಂದ ಕೂಡಲೇ ಒಂದು ಮೆಸೇಜ್: "ಕ್ಲಚ್ ಕೆಲಸ, ಸ್ಪೇರ್ ಇಷ್ಟು, ಲೇಬರ್ ಇಷ್ಟು, ಟ್ಯಾಕ್ಸ್ ಸೇರಿ ಇಷ್ಟು." ಬಿಚ್ಚಿದ ಮೇಲೆ ಇನ್ನೊಂದು ಹಾಳಾದದ್ದು ಕಂಡರೆ ಫೋಟೋ ಕಳಿಸಿ, "ಇದಕ್ಕೆ ಮತ್ತೆ ಇಷ್ಟು, ಮಾಡುವುದಾ?" ಎಂದು ಕೇಳಿ "ಆಯ್ತು" ಎಂಬ ಉತ್ತರ ಬರುವ ತನಕ ಕೈ ಹಾಕಬೇಡಿ. ಪರಿಚಯದವರ ಹತ್ತಿರ ಬರೆಸಿಕೊಳ್ಳುವುದು ನಾಚಿಕೆ ಎಂದು ಹಲವರು ಹೇಳುತ್ತಾರೆ. ಕುರ್‌ಆನಿನ ಅತಿ ದೀರ್ಘ ಆಯತ್, ಸೂರಃ ಅಲ್ ಬಖರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆಯೇ ಇರುವಾಗ ನಾಚಿಕೆ ಎಲ್ಲಿಂದ ಬಂತು? ಜುಮಾ ನಂತರ ಹತ್ತು ನಿಮಿಷ ಇದರ ಬಗ್ಗೆ ಮಾತಾಡಿಸಲು ಜಮಾಅತ್‌ಗಳಿಗೆ ಖರ್ಚೇನೂ ಇಲ್ಲ. ಗಾಡಿಯವರೂ ಗ್ಯಾರೇಜ್‌ನವರೂ ಅದೇ ಸಫ್‌ನಲ್ಲಿ ಇರುತ್ತಾರೆ.

ಈಗಾಗಲೇ ಹೆಚ್ಚು ಹಣ ಕೊಟ್ಟು ಬಿಲ್ಲನ್ನು ಡ್ಯಾಶ್‌ಬೋರ್ಡಿನಲ್ಲಿ ಹಾಕಿಟ್ಟವರು ಅದನ್ನು ತೆಗೆದು ದಿನಾಂಕ ನೋಡಿ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಆಮೇಲೆ ಕೊಟ್ಟರೆ ತಡವಾದದ್ದಕ್ಕೆ ಸರಿಯಾದ ಕಾರಣ ಬರೆಯಬೇಕಾಗುತ್ತದೆ. ಅದನ್ನು ಒಪ್ಪುವುದು ಬಿಡುವುದು ಆಯೋಗಕ್ಕೆ ಬಿಟ್ಟದ್ದು.